ಎನ್‌ಕರ್ಸಸ್ ಲೈಬ್ರರಿ: ಮಂಡಿಯ ಲೆಕ್ಕದ ಪರದೆಗೆ ಎಷ್ಟು ಒಗ್ಗುತ್ತದೆ?

ತುಮಕೂರಿನ ಎಪಿಎಂಸಿ ಪ್ರಾಂಗಣದ ಮಂಡಿಗಳಲ್ಲಿ ಲೆಕ್ಕ ಬರೆಯುವವರಿಗೆ ಮೌಸ್ ಹಿಡಿದು ಪರದೆಯ ಮೇಲೆ ಬಾಣ ಓಡಿಸುವ ವ್ಯವಧಾನ ಇರುವುದಿಲ್ಲ. ಚೀಲಗಳು ತಕ್ಕಡಿಯಿಂದ ಇಳಿಯುತ್ತಿರುವಾಗಲೇ ಲಾಟ್ ಸಂಖ್ಯೆ, ಚೀಲಗಳ ಎಣಿಕೆ, ತೂಕ, ದರ, ಹಮಾಲಿ ಎಂದು ಒಂದರ ಹಿಂದೊಂದು ಅಂಕಿಗಳನ್ನು ಒತ್ತಿ, ಎಂಟರ್ ಹೊಡೆದು, ಎದುರು ನಿಂತ ರೈತರ ಕೈಗೆ ಪಟ್ಟಿ ಕೊಡಬೇಕಾಗುತ್ತದೆ. ಡಾಸ್ ಕಾಲದ ಕ್ಲಿಪ್ಪರ್, ಫಾಕ್ಸ್‌ಪ್ರೊ ತಂತ್ರಾಂಶಗಳು ಇಂಥ ಕಡೆ ಬಹುಕಾಲ ಬಾಳಿಕೆ ಬಂದದ್ದಕ್ಕೆ ಮಾಲೀಕರ ಹಳೆಯದರ ಮೋಹವೊಂದೇ ಕಾರಣವಲ್ಲ. ಇಡೀ ಪರದೆಯನ್ನು ಕೀಬೋರ್ಡ್ ಒಂದರಿಂದಲೇ ನಡೆಸಬಹುದು ಎಂಬ ಅನುಕೂಲವೇ ಮುಖ್ಯ ಕಾರಣ. ಅದೇ ಬಗೆಯ ಪರದೆಯನ್ನು ಲಿನಕ್ಸ್ ಮೇಲೆ ಹೊಸದಾಗಿ ಕಟ್ಟಲು ಹೊರಟವರಿಗೆ ಮೊದಲು ಎದುರಾಗುವ ಸಾಧನ, ಪಠ್ಯ ಪರದೆಯ ಮೇಲೆ ಬರೆಯಲು, ಕೀ ಓದಲು ಬೇಕಾದ ಸಿದ್ಧ ಕರೆಗಳ ಲೈಬ್ರರಿಯಾದ ಎನ್‌ಕರ್ಸಸ್. ಅದರ 6ನೇ ಆವೃತ್ತಿಯ ಸರಣಿಯನ್ನು ಸಿ ಭಾಷೆಯಲ್ಲಿಯೂ ಪೈಥಾನ್‌ನ ಕರ್ಸಸ್ ಮಾಡ್ಯೂಲ್ ಮೂಲಕವೂ ಮಂಡಿ ಲೆಕ್ಕದ ಕೆಲಸಕ್ಕೆ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಅಂಕಿ ತುಂಬುವ ಪರದೆಗೆ ಇದಕ್ಕಿಂತ ನಂಬಿಕಸ್ತವಾದ ಸಾಧನವನ್ನು ನಾನು ಕಂಡಿಲ್ಲ, ಆದರೆ ಸಾಲಿನ ನಡುವೆ ಕನ್ನಡದ ಹೆಸರು ಬಂದ ಕೂಡಲೇ ಇದರ ಲೆಕ್ಕ ತಪ್ಪತೊಡಗುತ್ತದೆ, ಮತ್ತು ಆ ತಪ್ಪನ್ನು ಪರದೆಯ ವಿನ್ಯಾಸದಿಂದಲೇ ತಪ್ಪಿಸಬೇಕು.

ಪದವಿಪೂರ್ವ ಕಾಲೇಜಿನಿಂದ ಎಂಜಿನಿಯರಿಂಗ್‌ವರೆಗೆ ಟರ್ಬೊ ಸಿ ಎಂಬ ಡಾಸ್ ಕಾಲದ ಸಿ ಕಂಪೈಲರಿನಲ್ಲಿ ಕಲಿತ ನಮ್ಮ ಪೀಳಿಗೆಗೆ ಪರದೆಯ ಮೇಲೆ ಬರೆಯುವುದೆಂದರೆ ಅದನ್ನು ಅಳಿಸಿ, ಕರ್ಸರ್ ಸರಿಸಿ, ಪಠ್ಯ ಮೂಡಿಸುವುದು; ಅಂದರೆ ಕ್ಲಿಯರ್‌ಸ್ಕ್ರೀನ್ ಕರೆದು, ಗೋಟು‌ಎಕ್ಸ್‌ವೈ ಕರೆದು, ಪ್ರಿಂಟ್‌ಎಫ್ ಮಾಡುವುದು. ಆ ವ್ಯವಸ್ಥೆಯ ತಳದಲ್ಲಿ ಇದ್ದದ್ದು ನೇರ ಸ್ಮೃತಿ: ಬಣ್ಣದ ಪಠ್ಯ ಪರದೆಗೆ ಬಿ800 ಎಂಬ ವಿಳಾಸದಿಂದ ಮೊದಲಾಗುವ ಜಾಗದಲ್ಲಿ, 80 ಕಂಬ ಮತ್ತು 25 ಸಾಲಿನ ಪ್ರತಿಯೊಂದು ಮನೆಗೂ ಅಕ್ಷರಕ್ಕೊಂದು, ಬಣ್ಣಕ್ಕೊಂದು ಎಂದು ಎರಡು ಬೈಟುಗಳಂತೆ ಒಟ್ಟು 4000 ಬೈಟುಗಳು. ಅಲ್ಲಿ ಬೈಟ್ ಬದಲಾಯಿಸಿದರೆ ಪರದೆ ಬದಲಾಗುತ್ತಿತ್ತು. ಲಿನಕ್ಸಿಗೆ ಮಾದರಿಯಾದ ಯೂನಿಕ್ಸ್ ಪರಂಪರೆಯಲ್ಲಿ, ಕೀಬೋರ್ಡೂ ಪರದೆಯೂ ಸೇರಿದ ಸಾಧನವಾದ ಟರ್ಮಿನಲ್‌ನಲ್ಲಿ ಇಂಥ ಸ್ಮೃತಿಯೇ ನಮ್ಮ ಕೈಗೆ ಸಿಗುವುದಿಲ್ಲ. ಪ್ರೋಗ್ರಾಮಿಗೂ ಪರದೆಗೂ ನಡುವೆ ಇರುವುದು ಒಂದು ತಂತಿ, ಅದರ ಮೇಲೆ ಒಂದರ ಹಿಂದೊಂದು ಸಾಗುವ ಬೈಟುಗಳು, ಅಷ್ಟೆ. ಕರ್ಸರ್ ಸರಿಸುವ, ಸಾಲು ಅಳಿಸುವ, ಅಕ್ಷರವನ್ನು ಉಜ್ಜ್ವಲಗೊಳಿಸುವ ಆಜ್ಞೆಗಳೂ ಅಕ್ಷರಗಳ ಜೊತೆಯಲ್ಲೇ ಅದೇ ತಂತಿಯಲ್ಲಿ ಹೋಗಬೇಕು. ಅವನ್ನು ಸಾಮಾನ್ಯ ಅಕ್ಷರಗಳಿಂದ ಬೇರ್ಪಡಿಸುವುದು ಎಸ್ಕೇಪ್ ಎಂಬ 27ನೇ ಸಂಖ್ಯೆಯ ಬೈಟ್. ಅದರ ನಂತರ ಚೌಕಾವರಣ, 5;10 ಎಂಬ ಅಂಕಿಗಳು ಮತ್ತು ದೊಡ್ಡ ಎಚ್ ಅಕ್ಷರವನ್ನು ಕಳಿಸಿದರೆ ಕರ್ಸರ್ 5ನೇ ಸಾಲಿನ 10ನೇ ಕಂಬಕ್ಕೆ ಹೋಗಿ ನಿಲ್ಲುತ್ತದೆ. 1978ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ ಹೊರತಂದ ವಿಟಿ100 ಟರ್ಮಿನಲ್ ಈ ಬಗೆಯ ಆಜ್ಞೆಗಳನ್ನು ಜನಪ್ರಿಯಗೊಳಿಸಿತು. ಇಂದು ಲ್ಯಾಪ್‌ಟಾಪಿನಲ್ಲಿ ತೆರೆಯುವ ಟರ್ಮಿನಲ್ ಕಿಟಕಿಗಳೆಲ್ಲವೂ ಹೆಚ್ಚುಕಡಿಮೆ ಅದನ್ನೇ ಅನುಕರಿಸುತ್ತವೆ.

ಹಾಗಾದರೆ ಈ ಆಜ್ಞೆಗಳನ್ನು ನಾವೇ ಪ್ರಿಂಟ್‌ಎಫ್ ಮಾಡಿದರೆ ಸಾಲದೇ, ಮಧ್ಯೆ ಲೈಬ್ರರಿ ಯಾಕೆ ಎಂದು ಹೊಸಬರು ಕೇಳುತ್ತಾರೆ. ಒಂದೇ ಸಾಲಿನಲ್ಲಿ ಶೇಕಡಾವಾರು ಪ್ರಗತಿ ತೋರಿಸುವಂಥ ಸಣ್ಣ ಕೆಲಸಕ್ಕೆ ಖಂಡಿತ ಸಾಕು, ಅಂಥಲ್ಲಿ ಎನ್‌ಕರ್ಸಸ್ ತರುವುದು ಅತಿಯಾಯಿತು. ಪೂರ್ಣ ಪರದೆಯ ಕೆಲಸಕ್ಕೆ ಮಾತ್ರ ಸಾಲದು. ಯೂನಿಕ್ಸಿನ ಆರಂಭದ ದಿನಗಳಲ್ಲಿ ಒಬ್ಬೊಬ್ಬ ತಯಾರಕನ ಟರ್ಮಿನಲ್‌ಗೂ ಒಂದೊಂದು ಬಗೆಯ ಆಜ್ಞೆಗಳಿದ್ದವು. ಅದಕ್ಕೆ ಪರಿಹಾರವಾಗಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಅವರು 1978ರಲ್ಲಿ ಟರ್ಮ್‌ಕ್ಯಾಪ್ ಎಂಬ ವಿವರಪಟ್ಟಿಯನ್ನು ಮಾಡಿದರು. ಅವರ ವಿಐ ಎಂಬ ಪಠ್ಯ ಸಂಪಾದಕದಲ್ಲಿದ್ದ ಕರ್ಸರ್ ಚಲನೆಯ ಭಾಗವನ್ನು ಆಧರಿಸಿ ಕೆನ್ ಆರ್ನಾಲ್ಡ್ ಅವರು ಮೊದಲ ಕರ್ಸಸ್ ಲೈಬ್ರರಿಯನ್ನು ರೂಪಿಸಿದರು. ರೋಗ್ ಎಂಬ ಆಟ ಅದರ ಮೊದಲ ಹೆಸರಾಂತ ಬಳಕೆದಾರ. ಬೆಲ್ ಲ್ಯಾಬ್ಸ್‌ನಲ್ಲಿ ಮೇರಿ ಆನ್ ಹಾರ್ಟನ್ ಅವರು ಟರ್ಮ್‌ಕ್ಯಾಪ್ ಬದಲಿಗೆ ಟರ್ಮಿನ್‌ಫೊ ತಂದರು. ಪಾವೆಲ್ ಕರ್ಟಿಸ್ ಅವರು 1982ರಲ್ಲಿ ಬರೆದ ಪಿಕರ್ಸಸ್ ಎಂಬ ಅದೇ ಬಗೆಯ ಲೈಬ್ರರಿ ಮುಂದೆ ಜೇಯ್ಡ್ ಬೆನ್-ಹಲೀಮ್ ಅವರ ಕೈಸೇರಿ 1993ರಲ್ಲಿ ಎನ್‌ಕರ್ಸಸ್ ಆಗಿ ಹೊರಬಂದಿತು, ಆಮೇಲೆ ಎರಿಕ್ ರೇಮಂಡ್ ಅವರೂ ಅದನ್ನು ಬೆಳೆಸಿದರು. ಈಗ ಬಹಳ ವರ್ಷಗಳಿಂದ ಅದನ್ನು ನೋಡಿಕೊಳ್ಳುತ್ತಿರುವವರು ಥಾಮಸ್ ಡಿಕ್ಕಿ. ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ತಂತ್ರಾಂಶವನ್ನೂ ಅವರೇ ನಿರ್ವಹಿಸುತ್ತಿರುವುದರಿಂದ ತಂತಿಯ ಎರಡೂ ತುದಿಗಳ ಅರಿವು ಈ ಲೈಬ್ರರಿಯಲ್ಲಿ ಕಾಣುತ್ತದೆ.

ಟರ್ಮ್ ಎಂಬ ಪರಿಸರ ಚರದಲ್ಲಿ (ವ್ಯವಸ್ಥೆ ಪ್ರೋಗ್ರಾಮುಗಳಿಗೆ ತಿಳಿಸುವ ಮಾಹಿತಿಯಲ್ಲಿ) ಇರುವ ಟರ್ಮಿನಲ್ ಹೆಸರನ್ನು ಓದಿ, ಆ ಹೆಸರಿನ ವಿವರವನ್ನು ಟರ್ಮಿನ್‌ಫೊ ಕಡತಗಳಿಂದ ತೆಗೆದು, ಆ ಟರ್ಮಿನಲ್‌ಗೆ ತಕ್ಕ ಆಜ್ಞೆಯನ್ನು ಕಳಿಸುವುದು ಎನ್‌ಕರ್ಸಸ್‌ನ ಮೊದಲ ಕೆಲಸ. ಇದರಲ್ಲಿ ನನಗೆ ಒಪ್ಪಿಗೆಯಾಗದ ಒಂದು ಅಂಶವಿದೆ. ಆ ಹೆಸರಿನ ವಿವರ ಸಿಗದೆಹೋದರೆ ಇನಿಟ್‌ಸ್ಕ್ರೀನ್ ಎಂಬ ಆರಂಭದ ಕರೆ ಒಂದು ಸಾಲಿನ ದೋಷವನ್ನು ಮುದ್ರಿಸಿ ಇಡೀ ಪ್ರೋಗ್ರಾಮನ್ನೇ ಮುಗಿಸಿಬಿಡುತ್ತದೆ. ಅಂಗಡಿಯ ಹೊಸ ಲ್ಯಾಪ್‌ಟಾಪಿನ ಹೊಸ ಬಗೆಯ ಟರ್ಮಿನಲ್‌ನಿಂದ ಹಳೆಯ ಸರ್ವರಿಗೆ, ದೂರದ ಗಣಕವನ್ನು ಜಾಲದಲ್ಲಿ ಬಳಸಲು ನೆರವಾಗುವ ಎಸ್‌ಎಸ್‌ಎಚ್ ಮೂಲಕ ಹೋದಾಗ ಇದು ಸಾಮಾನ್ಯವಾಗಿ ನಡೆಯುವ ಸಂಗತಿ. ಲೆಕ್ಕದ ತಂತ್ರಾಂಶ ಬರೆಯುವವರು ಇನಿಟ್‌ಸ್ಕ್ರೀನ್ ಬದಲಿಗೆ ನ್ಯೂಟರ್ಮ್ ಕರೆಯುವುದು ಉತ್ತಮ. ಅದು ಸೋತರೆ ಶೂನ್ಯವನ್ನು ಹಿಂದಿರುಗಿಸುತ್ತದೆ, ನಾವು ಅರ್ಥವಾಗುವ ಮಾತಿನಲ್ಲಿ ಸೂಚನೆ ಕೊಡಬಹುದು.

ಈ ಲೈಬ್ರರಿಯ ನಿಜವಾದ ಬಲ ಇರುವುದು ಅದರ ಎರಡನೆಯ ಕೆಲಸದಲ್ಲಿ. ನಾವು ಬರೆದದ್ದೆಲ್ಲವೂ ಮೊದಲು ಲೈಬ್ರರಿಯ ಒಳಗಿನ ಒಂದು ಕಾಲ್ಪನಿಕ ಪರದೆಗೆ ಹೋಗುತ್ತದೆ. ರಿಫ್ರೆಶ್ ಕರೆದಾಗ ಅದು ಆ ಕಾಲ್ಪನಿಕ ಪರದೆಯನ್ನೂ, ಟರ್ಮಿನಲ್‌ನಲ್ಲಿ ಈಗಾಗಲೇ ಇದೆಯೆಂದು ತಾನು ನಂಬಿರುವ ಪರದೆಯನ್ನೂ ಮನೆಮನೆಯಾಗಿ ಹೋಲಿಸಿ, ವ್ಯತ್ಯಾಸವಿದ್ದಷ್ಟನ್ನೇ ಅತಿ ಕಡಿಮೆ ಬೈಟುಗಳಲ್ಲಿ ಕಳಿಸಲು ಯತ್ನಿಸುತ್ತದೆ. ಅನುಭವಿ ಗುಮಾಸ್ತ ಒಂದು ಅಂಕಿ ತಪ್ಪಾದರೆ ಖಾತೆಯ ಇಡೀ ಪುಟವನ್ನು ಮತ್ತೆ ಬರೆಯದೆ ಆ ಅಂಕಿಯನ್ನಷ್ಟೇ ತಿದ್ದುವ ಹಾಗೆ. ಈ ಮಿತವ್ಯಯ ಹುಟ್ಟಿದ್ದು ನಿಧಾನ ತಂತಿಗಳ ಕಾಲದಲ್ಲಿ. 80 ಕಂಬ, 24 ಸಾಲಿನ ಪರದೆಯಲ್ಲಿ 1920 ಮನೆಗಳಿರುತ್ತವೆ. ಒಂದು ಅಕ್ಷರಕ್ಕೆ 10 ಬಿಟ್‌ಗಳಂತೆ 300 ಬಾಡ್, ಅಂದರೆ ಸೆಕೆಂಡಿಗೆ 300 ಬಿಟ್ ವೇಗದಲ್ಲಿ ಇಡೀ ಪರದೆ ತುಂಬಲು 64 ಸೆಕೆಂಡು ಬೇಕು, 9600 ಬಾಡ್‌ನಲ್ಲೂ 2 ಸೆಕೆಂಡು ಬೇಕು. ಇಂದಿನ ವೇಗದಲ್ಲಿ ಇದು ಬೇಕಿಲ್ಲ ಎಂದು ವಾದಿಸುವವರು ಪ್ರಾಂಗಣದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಮೊಬೈಲ್ ಡೇಟಾ ಹಂಚಿಕೊಂಡು ದೂರದ ಸರ್ವರಿನಲ್ಲಿ ಲೆಕ್ಕ ಬರೆದು ನೋಡಬೇಕು. ಸಿಗ್ನಲ್ ತೆವಳುತ್ತಿರುವಾಗಲೂ ಎನ್‌ಕರ್ಸಸ್ ಪರದೆಯಲ್ಲಿ ಅಂಕಿ ಒತ್ತಿದರೆ ಆ ಅಂಕಿಯ ಮನೆ ಮತ್ತು ಕೆಳಗಿನ ಮೊತ್ತದ ಮನೆಗಳು ಮಾತ್ರ ಬದಲಾಗುತ್ತವೆ. ಜಾಲತಾಣದ ಫಾರ್ಮಿನಂತೆ ಪುಟ ಪೂರ್ತಿ ತಿರುಗುತ್ತ ಕೂರುವುದಿಲ್ಲ.

ಆದರೆ ಈ ಲಾಭ ತಾನಾಗಿ ಸಿಗುವುದಿಲ್ಲ, ಲೈಬ್ರರಿಯ ಸ್ವಭಾವ ಅರಿತು ನಡೆಯಬೇಕು. ಟರ್ಬೊ ಸಿ ಅಭ್ಯಾಸದಿಂದ ಬಂದವರು ಪ್ರತಿ ಸಲವೂ ಕ್ಲಿಯರ್ ಎಂಬ ಕರೆಯಿಂದ ಪರದೆ ಬಳಿದು ಮತ್ತೆ ಬರೆಯುತ್ತಾರೆ. ಕ್ಲಿಯರ್ ಕರೆದರೆ ಮುಂದಿನ ರಿಫ್ರೆಶ್‌ನಲ್ಲಿ ಹೋಲಿಕೆಯನ್ನೇ ಬಿಟ್ಟು ಇಡೀ ಪರದೆಯನ್ನು ಹೊಸದಾಗಿ ಕಳಿಸು ಎಂದು ಹೇಳಿದಂತಾಗುತ್ತದೆ. ಪರದೆ ಮಿಣುಕುತ್ತದೆ, ಮಿತವ್ಯಯವೆಲ್ಲ ನೀರಲ್ಲಿ ಹೋಮ. ಅದರ ಬದಲು ಇರೇಸ್ ಕರೆದರೆ ಕಾಲ್ಪನಿಕ ಪರದೆ ಮಾತ್ರ ಖಾಲಿಯಾಗಿ ಹೋಲಿಕೆ ಎಂದಿನಂತೆ ನಡೆಯುತ್ತದೆ. ಪರದೆಯಲ್ಲಿ ಹಲವು ಕಿಟಕಿಗಳಿದ್ದರೆ ಪ್ರತಿಯೊಂದನ್ನೂ ಬೇರೆಬೇರೆ ರಿಫ್ರೆಶ್ ಮಾಡದೆ, ಎಲ್ಲವನ್ನೂ ಮೊದಲು ಸಿದ್ಧಪಡಿಸಿ ಕೊನೆಗೆ ಡೂಅಪ್‌ಡೇಟ್ ಎಂಬ ಒಂದೇ ಕರೆಯಿಂದ ಕಳಿಸಬೇಕು. ಇನ್ನು ಸ್ಥಾನ ಹೇಳುವ ಕ್ರಮದಲ್ಲೂ ಎಚ್ಚರ ಬೇಕು: ಗೋಟು‌ಎಕ್ಸ್‌ವೈಗೆ ಮೊದಲು ಕಂಬ, ಆಮೇಲೆ ಸಾಲು, ಎಣಿಕೆ ಒಂದರಿಂದ, ಎನ್‌ಕರ್ಸಸ್‌ನ ಮೂವ್‌ಗೆ ಮೊದಲು ಸಾಲು, ಆಮೇಲೆ ಕಂಬ, ಎಣಿಕೆ ಸೊನ್ನೆಯಿಂದ. ಹಳೆಯ ತಂತ್ರಾಂಶವನ್ನು ಸಾಲುಸಾಲಾಗಿ ಸಾಗಿಸುವವರಿಗೆ ಇದಕ್ಕಿಂತ ಕಿರಿಕಿರಿಯ ವ್ಯತ್ಯಾಸ ಬೇರೊಂದಿಲ್ಲ.

ಕೀಬೋರ್ಡಿನ ಕಡೆಗೆ ಬರೋಣ. ಸಾಮಾನ್ಯ ಸ್ಥಿತಿಯಲ್ಲಿ ಲಿನಕ್ಸ್ ಒಂದು ಸಾಲು ಪೂರ್ತಿಯಾಗಿ ಎಂಟರ್ ಬೀಳುವವರೆಗೆ ಕೀಗಳನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತದೆ. ಸಿಬ್ರೇಕ್ ಕರೆದರೆ ಒಂದೊಂದು ಕೀ ಕೂಡಲೇ ಪ್ರೋಗ್ರಾಮಿಗೆ ತಲುಪುತ್ತದೆ, ನೋ‌ಎಕೋ ಕರೆದರೆ ಅದು ಪರದೆಯಲ್ಲಿ ತಾನಾಗಿ ಮೂಡುವುದು ನಿಲ್ಲುತ್ತದೆ. ಮಂಡಿಯ ಗುಮಾಸ್ತರಲ್ಲಿ ಕೆಲವರಿಗೆ ಕಂಟ್ರೋಲ್ ಮತ್ತು ಎಸ್ ಒತ್ತಿ ಉಳಿಸುವ ರೂಢಿಯಿರುತ್ತದೆ. ಸಿಬ್ರೇಕ್ ಸ್ಥಿತಿಯಲ್ಲಿ ಅದು ಟರ್ಮಿನಲ್‌ನ ಹರಿವು ನಿಲ್ಲಿಸುವ ಸಂಕೇತವಾಗಿಯೇ ಉಳಿಯುವುದರಿಂದ ಪರದೆ ಹೆಪ್ಪುಗಟ್ಟಿ ನಿಲ್ಲುತ್ತದೆ, “ಏನ್ ಸಾರ್, ಹ್ಯಾಂಗ್ ಆಗೋಯ್ತು” ಎಂದು ಫೋನ್ ಬರುತ್ತದೆ. ಕಂಟ್ರೋಲ್ ಮತ್ತು ಕ್ಯೂ ಒತ್ತಿದರೆ ಬಿಡುಗಡೆಯಾಗುತ್ತದೆಯಾದರೂ ಅದನ್ನು ಅಂಗಡಿಯವರಿಗೆ ಕಲಿಸುವುದಕ್ಕಿಂತ ಸಿಬ್ರೇಕ್ ಬದಲು ರಾ ಸ್ಥಿತಿಯನ್ನು ಬಳಸಿ ಆ ಸಂಕೇತಗಳನ್ನೂ ಪ್ರೋಗ್ರಾಮಿಗೇ ತರಿಸಿಕೊಳ್ಳುವುದು ಲೇಸು. ಆಗ ಕಂಟ್ರೋಲ್ ಮತ್ತು ಸಿ ಕೂಡ ಪ್ರೋಗ್ರಾಮನ್ನು ಕೊಲ್ಲುವುದಿಲ್ಲ, ಅರ್ಧ ಬರೆದ ಪಟ್ಟಿ ಉಳಿಯುತ್ತದೆ.

ಎಸ್ಕೇಪ್ ಕೀಯದು ಇನ್ನೂ ಸೂಕ್ಷ್ಮವಾದ ಕತೆ. ಬಾಣದ ಕೀ ಒತ್ತಿದಾಗ ಟರ್ಮಿನಲ್ ಕಳಿಸುವುದು ಎಸ್ಕೇಪ್ ಬೈಟಿನಿಂದಲೇ ಮೊದಲಾಗುವ ಮೂರು ಬೈಟುಗಳನ್ನು. ಆದ್ದರಿಂದ ಎಸ್ಕೇಪ್ ಒಂದೇ ಬಂದಾಗ, ಇದು ಬಳಕೆದಾರರು ಒತ್ತಿದ ಎಸ್ಕೇಪ್ ಕೀಯೇ ಅಥವಾ ಬಾಣದ ಕೀಯ ಮೊದಲ ತುಂಡೇ ಎಂದು ತಿಳಿಯಲು ಎನ್‌ಕರ್ಸಸ್ ಸ್ವಲ್ಪ ಹೊತ್ತು ಕಾಯಬೇಕಾಗುತ್ತದೆ. ಪೂರ್ವನಿಯೋಜಿತವಾಗಿ ಆ ಹೊತ್ತು 1000 ಮಿಲಿಸೆಕೆಂಡು, ಅಂದರೆ ಒಂದು ಪೂರ್ತಿ ಸೆಕೆಂಡು. ಡಾಸ್ ತಂತ್ರಾಂಶದಲ್ಲಿ ಎಸ್ಕೇಪ್ ಒತ್ತಿ ತಪ್ಪು ನಮೂದನ್ನು ಥಟ್ಟನೆ ರದ್ದುಮಾಡಿ ರೂಢಿಯಾದವರಿಗೆ ಈ ಒಂದು ಸೆಕೆಂಡು ಅಸಹನೀಯ. ಎಸ್ಕೇಪ್‌ಡಿಲೇ ಎಂಬ ಚರದಿಂದ ಇದನ್ನು 25 ಮಿಲಿಸೆಕೆಂಡಿಗೆ ಇಳಿಸಬಹುದು, ಅಂಗಡಿಯ ಗಣಕದಲ್ಲೇ ನಡೆಯುವ ಪ್ರೋಗ್ರಾಮಿಗೆ ಅದು ಸರಿ. ದೂರದ ಸರ್ವರಿನ ಮೇಲೆ ನಡೆಯುವುದಾದರೆ ಅಷ್ಟು ಇಳಿಸಬಾರದು: ಬೈಟುಗಳು ಬಿಡಿಬಿಡಿಯಾಗಿ ತಡವಾಗಿ ಬಂದು, ಬಾಣದ ಕೀಯನ್ನು ಎಸ್ಕೇಪ್ ಎಂದು ಭಾವಿಸಿದ ಪ್ರೋಗ್ರಾಮ್ ನಮೂದನ್ನು ಅಳಿಸಿಬಿಡುತ್ತದೆ. ರದ್ದುಮಾಡುವ ಕೆಲಸವನ್ನು ಎಸ್ಕೇಪ್‌ನಿಂದ ತೆಗೆದು ಬೇರೆ ಕೀಗೆ ಕೊಡುವುದೇ ನೇರ ದಾರಿ. ಹಾಗೆ ಕೊಡುವಾಗ ಎಫ್1, ಎಫ್10, ಎಫ್11 ಕೀಗಳನ್ನು ಬಿಡಬೇಕು, ಏಕೆಂದರೆ ಡೆಸ್ಕ್‌ಟಾಪಿನ ಟರ್ಮಿನಲ್ ಕಿಟಕಿಗಳು ಸಹಾಯ, ಮೆನು, ಪೂರ್ಣ ಪರದೆಗಳಿಗಾಗಿ ಅವನ್ನು ತಾವೇ ಹಿಡಿದುಕೊಳ್ಳುವುದುಂಟು.

ಎಲೆಕ್ಟ್ರಾನಿಕ್ ತಕ್ಕಡಿಯನ್ನು ಸೀರಿಯಲ್ ತಂತಿಯಿಂದ ಜೋಡಿಸಿ ತೂಕವನ್ನು ನೇರವಾಗಿ ಪರದೆಗೆ ತರಿಸುವವರು ಗಮನಿಸಬೇಕಾದದ್ದು: ಕೀ ಓದುವ ಕರೆ ಸಾಮಾನ್ಯವಾಗಿ ಕೀ ಬರುವವರೆಗೂ ಕಾದು ಕೂರುತ್ತದೆ, ಆ ಹೊತ್ತಿನಲ್ಲಿ ತಕ್ಕಡಿಯ ಅಂಕಿ ಬಂದರೂ ಪರದೆ ಬದಲಾಗುವುದಿಲ್ಲ. ಟೈಮ್‌ಔಟ್ ಎಂಬ ಕರೆಯಿಂದ ಕಾಯುವ ಅವಧಿಯನ್ನು 100 ಮಿಲಿಸೆಕೆಂಡಿನಷ್ಟಕ್ಕೆ ಮಿತಿಗೊಳಿಸಿದರೆ ಎರಡೂ ನಡೆಯುತ್ತವೆ.

ಈಗ ಕನ್ನಡದ ವಿಷಯ. ವಿಮರ್ಶೆಯ ಬಹುಪಾಲು ತೂಕ ನಿಜವಾಗಿ ಇಲ್ಲಿಯೇ ಇದೆ. ಎನ್‌ಕರ್ಸಸ್‌ನ ಇಡೀ ಲೋಕ ನಿಂತಿರುವುದು ಸಮಾನ ಅಗಲದ ಮನೆಗಳ ಮೇಲೆ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಒಂದು ಮನೆ. ಕನ್ನಡದಲ್ಲಿ ಹಾಗಲ್ಲ. ‘ತುಮಕೂರು’ ಮತ್ತು ‘ತಿಪಟೂರು’ ಎಂಬ ನಮ್ಮ ಜಿಲ್ಲೆಯ ಎರಡು ಹೆಸರುಗಳನ್ನೇ ನೋಡಿ. ಓದುವವರಿಗೆ ಎರಡರಲ್ಲೂ ನಾಲ್ಕು ನಾಲ್ಕು ಅಕ್ಷರಗಳು. ಎಲ್ಲ ಲಿಪಿಗಳ ಅಕ್ಷರ, ಚಿಹ್ನೆಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಎರಡಕ್ಕೂ ಏಳೇಳು ಸಂಕೇತಗಳು, ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಎರಡಕ್ಕೂ 21 ಬೈಟುಗಳು. ಆದರೆ ಲಿನಕ್ಸಿನ ಸಿ ಲೈಬ್ರರಿಯ ಲೆಕ್ಕದಲ್ಲಿ ಮೊದಲನೆಯದಕ್ಕೆ 7 ಮನೆ, ಎರಡನೆಯದಕ್ಕೆ 6 ಮನೆ. ಕಾರಣವಿಷ್ಟೆ: ಯೂನಿಕೋಡ್ ನಮ್ಮ ಗುಣಿತಚಿಹ್ನೆಗಳನ್ನು ಎರಡು ಬಗೆಯಾಗಿ ವಿಂಗಡಿಸಿದೆ. ಗುಡಿಸು, ಎತ್ವ, ಔತ್ವ ಮತ್ತು ಒತ್ತಕ್ಷರಕ್ಕೆ ಬೇಕಾದ ವಿರಾಮ ಚಿಹ್ನೆ ಇವು ಜಾಗ ಹಿಡಿಯದ ಚಿಹ್ನೆಗಳು, ಅವಕ್ಕೆ ಸೊನ್ನೆ ಮನೆ. ಇಳಿ, ಕೊಂಬು, ಕೊಂಬಿನಿಳಿ, ಒತ್ವ ಇವು ಜಾಗ ಹಿಡಿಯುವ ಚಿಹ್ನೆಗಳು, ಅವಕ್ಕೆ ಒಂದೊಂದು ಮನೆ. ಹೀಗಾಗಿ ‘ಅಡಿಕೆ’ಗೆ ಓದುಗರ ಲೆಕ್ಕದಂತೆಯೇ 3 ಮನೆ ಸಿಗುತ್ತದೆ, ಮೂರೇ ಅಕ್ಷರದ ‘ಕೊಬ್ಬರಿ’ಗೆ 5 ಮನೆ ಬೇಕಾಗುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರ 4 ಮನೆಗಳನ್ನು ಕೇಳುತ್ತದೆ.

ಇದರ ಮೇಲೆ ಪ್ರೋಗ್ರಾಮಿಂಗ್ ಭಾಷೆಗಳ ಅಂತರ ಬೇರೆ. ಸಿ ಭಾಷೆಯಲ್ಲಿ ಹೆಸರಿಗೆ 20ರ ಅಗಲ ಕೊಟ್ಟು ಪ್ರಿಂಟ್ ಮಾಡಿದರೆ ಅದು ಎಣಿಸುವುದು ಬೈಟುಗಳನ್ನು. ‘ತುಮಕೂರು’ 21 ಬೈಟ್ ಆದ್ದರಿಂದ ಒಂದು ಖಾಲಿ ಜಾಗವೂ ಸೇರದೆ ಮುಂದಿನ ಅಂಕಣ ಅದಕ್ಕೆ ಅಂಟಿಕೊಳ್ಳುತ್ತದೆ. ‘ಅಡಿಕೆ’ 15 ಬೈಟ್ ಆದ್ದರಿಂದ ಐದು ಖಾಲಿ ಜಾಗ ಸೇರಿ 8ನೇ ಮನೆಗೇ ಮುಗಿಯುತ್ತದೆ. ಪೈಥಾನ್ ಸಂಕೇತಗಳನ್ನು ಎಣಿಸುತ್ತದೆ. ಅದರಲ್ಲಿ ‘ತುಮಕೂರು’ ಸರಿಯಾಗಿ 20 ಮನೆ ತುಂಬಿದರೆ, ‘ತಿಪಟೂರು’ 19ಕ್ಕೂ ‘ಅಡಿಕೆ’ 18ಕ್ಕೂ ನಿಲ್ಲುತ್ತವೆ. ಎರಡೂ ಭಾಷೆಗಳಲ್ಲಿ ಮನೆಗಳನ್ನು ನಾವೇ ಎಣಿಸಿ ಖಾಲಿ ಜಾಗ ತುಂಬಬೇಕು. ಸಿ ಭಾಷೆಯಲ್ಲಿ ಅದಕ್ಕೆಂದೇ ಡಬ್ಲ್ಯುಸಿಎಸ್‌ವಿಡ್ತ್ ಎಂಬ ಕರೆಯಿದೆ. ಎನ್‌ಕರ್ಸಸ್‌ನ ವಿಸ್ತೃತ ಅಕ್ಷರಗಳ ರೂಪವಾದ ಎನ್‌ಕರ್ಸಸ್‌ಡಬ್ಲ್ಯು ಅನ್ನೇ ಜೋಡಿಸಬೇಕು, ಇನಿಟ್‌ಸ್ಕ್ರೀನ್ ಅಥವಾ ನ್ಯೂಟರ್ಮ್‌ಗೆ ಮುಂಚೆ, ಭಾಷೆ ಮತ್ತು ಲಿಪಿಯ ನೆಲೆ ಹೊಂದಿಸುವ ಸೆಟ್‌ಲೊಕೇಲ್ ಕರೆಯಲೇಬೇಕು; ಇವೆರಡರಲ್ಲಿ ಒಂದು ತಪ್ಪಿದರೂ ಕನ್ನಡದ ಜಾಗದಲ್ಲಿ ಕಸ ಕಾಣುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ತೊಡಕು ಉಳಿಯುತ್ತದೆ, ಅದು ಲೈಬ್ರರಿಯ ಕೈಯಲ್ಲಿಲ್ಲ. ಲೈಬ್ರರಿ 7 ಮನೆ ಎಂದು ಎಣಿಸಿದ ಹೆಸರನ್ನು ಟರ್ಮಿನಲ್ ಕಿಟಕಿಯೂ 7 ಮನೆಗಳಲ್ಲೇ ಮೂಡಿಸಬೇಕೆಂಬ ಖಾತರಿಯಿಲ್ಲ. ಕೆಲವು ಟರ್ಮಿನಲ್‌ಗಳು ಗುಣಿತವನ್ನು ಜೋಡಿಸದೆ ಕೊಂಬನ್ನು ಪಕ್ಕದ ಮನೆಯಲ್ಲಿ ಬಿಡಿಯಾಗಿ ಇಡುತ್ತವೆ, ಕೆಲವು ಜೋಡಿಸಿ ಕಡಿಮೆ ಜಾಗದಲ್ಲಿ ಬರೆಯುತ್ತವೆ, ಮನೆ ಎಣಿಸುವ ಸೂತ್ರವೂ ಎಲ್ಲ ಕಡೆ ಒಂದೇ ಅಲ್ಲ. ಭಾರತೀಯ ಲಿಪಿಗಳ ಜೋಡಣೆಯನ್ನು ಲಕ್ಷ್ಯದಲ್ಲಿಟ್ಟುಕೊಂಡ ಎಂಎಲ್‌ಟರ್ಮ್‌ನಂಥ ಟರ್ಮಿನಲ್‌ಗಳಿವೆ, ಆದರೆ ಗ್ರಾಹಕರ ಗಣಕದಲ್ಲಿ ಅದೇ ಇರಬೇಕೆಂದು ಹಟ ಹಿಡಿಯಲಾಗದು. ಡೆಸ್ಕ್‌ಟಾಪ್ ಇಲ್ಲದ ಲಿನಕ್ಸಿನ ಬರಿಯ ಕನ್ಸೋಲ್ ಅಂತೂ ಹೆಚ್ಚೆಂದರೆ 512 ಆಕಾರಗಳ ಫಾಂಟನ್ನಷ್ಟೇ ಹಿಡಿಯಬಲ್ಲದು ಮತ್ತು ಅದಕ್ಕೆ ಅಕ್ಷರ ಜೋಡಣೆಯೇ ತಿಳಿಯದು, ಆದ್ದರಿಂದ ಅಲ್ಲಿ ಕನ್ನಡದ ಆಸೆ ಬಿಡಬೇಕು.

ಹಾಗಿದ್ದರೆ ಹೆಸರು ಬರೆದ ಮೇಲೆ ಮುಂದಿನ ಅಂಕಣಕ್ಕೆ ಮೂವ್ ಮಾಡಿ ಬರೆದರಾಯಿತಲ್ಲ ಎಂದು ತೋರಬಹುದು. ಆಗುವುದಿಲ್ಲ. ಮೂವ್ ಎಂಬುದು ಲೈಬ್ರರಿಯ ಕಾಲ್ಪನಿಕ ಪರದೆಗೆ ಕೊಟ್ಟ ಸೂಚನೆ ಮಾತ್ರ. ನಿಜವಾದ ಕರ್ಸರ್ ಈಗಾಗಲೇ ಆ ಮನೆಯಲ್ಲಿದೆ ಎಂದು ಲೈಬ್ರರಿ ನಂಬಿದ್ದರೆ, ಬೈಟ್ ಉಳಿಸುವ ಸಲುವಾಗಿ ಅದು ಸ್ಥಾನದ ಆಜ್ಞೆಯನ್ನು ಕಳಿಸುವುದೇ ಇಲ್ಲ. ಮೇಲೆ ಹೊಗಳಿದ ಮಿತವ್ಯಯವೇ ಇಲ್ಲಿ ತಿರುಗಿ ಬೀಳುತ್ತದೆ: ಟರ್ಮಿನಲ್ ಎಣಿಸಿದ್ದು ಒಂದು, ಲೈಬ್ರರಿ ನಂಬಿದ್ದು ಇನ್ನೊಂದು, ಪರಿಣಾಮವಾಗಿ ಹೆಸರಿನ ಬಲಕ್ಕಿರುವ ತೂಕ, ದರದ ಅಂಕಿಗಳು ಒಂದೆರಡು ಮನೆ ಸರಿದು, ಹಳೆಯ ಅಂಕಿಯ ಬಾಲ ಪರದೆಯಲ್ಲೇ ಉಳಿಯುತ್ತದೆ. ಹಣದ ಲೆಕ್ಕದಲ್ಲಿ 4,250ರ ಹಿಂದೆ ಹಳೆಯ ಸೊನ್ನೆಯೊಂದು ಉಳಿದು 42,500ರಂತೆ ಕಾಣುವುದು ಸಣ್ಣ ದೋಷವಲ್ಲ.

ಆದ್ದರಿಂದ ನನ್ನ ಸಲಹೆ ವಿನ್ಯಾಸಕ್ಕೆ ಸಂಬಂಧಿಸಿದ್ದು. ಅಂಕಿಗಳ ಅಂಕಣಗಳೆಲ್ಲ ಎಡಕ್ಕೆ ಬರಲಿ: ಕ್ರಮಸಂಖ್ಯೆ, ಲಾಟ್, ಚೀಲ, ತೂಕ, ದರ, ಮೊತ್ತ. ರೈತರ ಹೆಸರು, ಊರು ಇವು ಸಾಲಿನ ಕೊನೆಯಲ್ಲಿ, ಬಲತುದಿಯಲ್ಲಿ ಬರಲಿ. ಅವುಗಳ ಬಲಕ್ಕೆ ಏನೂ ಇರದಿರಲಿ, ಪರದೆಗೆ ಸುತ್ತ ಹಾಕುವ ಗೆರೆಯ ಚೌಕಟ್ಟು ಸಹ ಬೇಡ. ಕನ್ನಡ ಇರುವ ಸಾಲು ಬದಲಾದಾಗ ಆ ಸಾಲನ್ನು ಪೂರ್ತಿಯಾಗಿ ಮತ್ತೆ ಕಳಿಸುವಂತೆ ಲೈಬ್ರರಿಗೆ ಹೇಳುವ ಡಬ್ಲ್ಯುರೀಡ್ರಾಲೈನ್ ಎಂಬ ಕರೆಯಿದೆ, ಅದನ್ನು ಬಳಸಬೇಕು. ಹೆಸರು ಮೊದಲು, ಹಣ ಕೊನೆಗೆ ಎಂಬ ಖಾತೆ ಪುಸ್ತಕದ ಕ್ರಮಕ್ಕೆ ಒಗ್ಗಿದ ಗುಮಾಸ್ತರು ಮೊದಲಿಗೆ ಮೂಗು ಮುರಿಯುತ್ತಾರೆ. ಮುದ್ರಿತ ಪಟ್ಟಿಯಲ್ಲಿ ಹಳೆಯ ಕ್ರಮವೇ ಇರುತ್ತದೆಂದು ತೋರಿಸಿದರೆ ಒಪ್ಪುತ್ತಾರೆ. ಹೆಸರು ತಿದ್ದುವಾಗ ಬ್ಯಾಕ್‌ಸ್ಪೇಸ್ ಒತ್ತಿದರೆ ಒಂದು ಸಂಕೇತ ಅಳಿಯಬೇಕೋ ಇಡೀ ಒತ್ತಕ್ಷರ ಅಳಿಯಬೇಕೋ ಎಂಬ ತೀರ್ಮಾನವೂ ನಮ್ಮದೇ, ಲೈಬ್ರರಿ ಅದರಲ್ಲಿ ನೆರವಾಗುವುದಿಲ್ಲ.

ಜೊತೆಗೆ ಬರುವ ಉಪಲೈಬ್ರರಿಗಳಲ್ಲಿ ಪ್ಯಾನೆಲ್ ಚೆನ್ನಾಗಿದೆ. ಒಂದರ ಮೇಲೊಂದು ತೆರೆದ ಕಿಟಕಿಗಳನ್ನು ಮುಚ್ಚಿದಾಗ ಕೆಳಗಿನದು ಹಾಳಾಗದಂತೆ ನೋಡಿಕೊಳ್ಳುತ್ತದೆ. ಫಾರ್ಮ್ ಉಪಲೈಬ್ರರಿ ಅಂಕಿಯ ಮನೆಗಳಿಗೆ ಕನಿಷ್ಠ, ಗರಿಷ್ಠ ಮಿತಿ ಹಾಕಿ ತಪಾಸಣೆ ಮಾಡುತ್ತದೆ, ಕನ್ನಡ ಪಠ್ಯದ ನಮೂದಿಗೆ ನಾನು ಅದನ್ನು ಶಿಫಾರಸು ಮಾಡಲಾರೆ. ಪರದೆಗಿಂತ ಉದ್ದವಾದ ಖಾತೆಯನ್ನು ಮೇಲೆ ಕೆಳಗೆ ಸರಿಸಿ ನೋಡಲು ಪ್ಯಾಡ್ ಎಂಬ ಸೌಲಭ್ಯ ಹೇಳಿಮಾಡಿಸಿದಂತಿದೆ. ಕೈಪಿಡಿ ಪುಟಗಳು ವಿಸ್ತಾರವಾಗಿವೆ, ನಿಖರವಾಗಿವೆ, ಆದರೆ ಕಲಿಯುವವರನ್ನು ಕೈಹಿಡಿದು ನಡೆಸುವುದಿಲ್ಲ. ಬೆಲೆ ಏನೂ ಇಲ್ಲ. ಪರವಾನಗಿ ಉದಾರವಾಗಿದ್ದು, ಮಾರಾಟದ ತಂತ್ರಾಂಶದಲ್ಲಿ ಸೇರಿಸಿಕೊಳ್ಳಲು ಅಡ್ಡಿಯಿಲ್ಲ. ಅಂಗಡಿಯಲ್ಲಿ ವಿಂಡೋಸ್ ಗಣಕ ಮಾತ್ರ ಇದ್ದರೆ ಪಿಡಿಕರ್ಸಸ್ ಎಂಬ ಸಮಾನ ಲೈಬ್ರರಿಯಿಂದ ಅದೇ ಪ್ರೋಗ್ರಾಮನ್ನು ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಕಟ್ಟಬಹುದು. ಬಣ್ಣ, ಚಿತ್ರ, ಮೌಸ್ ಎಲ್ಲವೂ ಬೇಕೆನ್ನುವವರಿಗೆ ಪೈಥಾನ್‌ನ ಟೆಕ್ಸ್ಟುವಲ್, ಸಿ ಭಾಷೆಯ ನಾಟ್‌ಕರ್ಸಸ್ ಮುಂತಾದ ಹೊಸ ಲೈಬ್ರರಿಗಳಿವೆ. ಮನೆಗಳ ಲೆಕ್ಕದ ತೊಡಕು ಟರ್ಮಿನಲ್‌ನದೇ ಆದ್ದರಿಂದ ಕನ್ನಡದ ಮಟ್ಟಿಗೆ ಅವುಗಳಿಗೆ ಬದಲಾಯಿಸಿ ಹೆಚ್ಚೇನೂ ಗೆಲ್ಲುವುದಿಲ್ಲ.

ವಿದ್ಯುತ್ ಅಥವಾ ಜಾಲ ಕೈಕೊಟ್ಟಾಗ, ಇಲ್ಲವೇ ಪ್ರೋಗ್ರಾಮ್ ನಡುವೆ ಮುರಿದು ಬಿದ್ದಾಗ, ಟರ್ಮಿನಲನ್ನು ಮೊದಲಿನ ಸ್ಥಿತಿಗೆ ತರುವ ಎಂಡ್‌ವಿನ್ ಕರೆಯದೆ ಹೋದರೆ ಟರ್ಮಿನಲ್ ಒತ್ತಿದ ಅಕ್ಷರವನ್ನೂ ತೋರಿಸದ ಸ್ಥಿತಿಯಲ್ಲಿ ಉಳಿಯಬಹುದು. ರೀಸೆಟ್ ಎಂದು ಕುರುಡಾಗಿ ಒತ್ತಿ ಎಂಟರ್ ಹೊಡೆದರೆ ಸರಿಹೋಗುತ್ತದೆ. ಈ ಒಂದು ಸೂಚನೆಯನ್ನು ಗಣಕದ ಪಕ್ಕ ಚೀಟಿಯಲ್ಲಿ ಬರೆದು ಅಂಟಿಸಿದರೆ ಬಹಳ ಫೋನ್ ಕರೆಗಳು ಉಳಿಯುತ್ತವೆ. ಪೈಥಾನ್‌ನಲ್ಲಿ ಬರೆಯುವವರು ಕರ್ಸಸ್ ಮಾಡ್ಯೂಲಿನ ರ‍್ಯಾಪರ್ ಒಳಗೆ ಪ್ರೋಗ್ರಾಮನ್ನು ನಡೆಸಿದರೆ, ಒಳಗೆ ದೋಷವಾದರೂ ಟರ್ಮಿನಲ್ ಸರಿಯಾದ ಸ್ಥಿತಿಗೆ ಮರಳುತ್ತದೆ.

ಪಟ್ಟಿ ಮುದ್ರಣದ ಬಗ್ಗೆ ಒಂದು ಮಾತು ಉಳಿದಿದೆ. ಮಂಡಿಗಳಲ್ಲಿ ಇಂದಿಗೂ ಕಾರ್ಬನ್ ಪ್ರತಿಗಾಗಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಬಳಸುವವರಿದ್ದಾರೆ, ಅವುಗಳ ಆಜ್ಞೆಗಳೂ ಎಸ್ಕೇಪ್ ಬೈಟಿನಿಂದಲೇ ಮೊದಲಾಗುತ್ತವೆ. ಅವನ್ನು ಎನ್‌ಕರ್ಸಸ್ ಪರದೆ ತೆರೆದಿರುವಾಗ ಪ್ರಿಂಟ್‌ಎಫ್ ಮೂಲಕ ಹೊರಗೆ ಬಿಟ್ಟರೆ ಅವು ಪ್ರಿಂಟರಿಗೆ ಹೋಗದೆ ಪರದೆಗೆ ಹೋಗಿ ಸಾಲುಗಳನ್ನೆಲ್ಲ ಕೆಡಿಸುತ್ತವೆ. ಪ್ರಿಂಟರಿನ ಸಾಧನ ಕಡತವನ್ನು ಪ್ರತ್ಯೇಕವಾಗಿ ತೆರೆದು ಅದಕ್ಕೆ ಬರೆಯಬೇಕು. ಪ್ರಿಂಟರ್ ಟರ್ಮಿನಲ್‌ಗೇ ಜೋಡಣೆಯಾಗಿದ್ದರೆ, ಆ ಟರ್ಮಿನಲ್‌ನ ಟರ್ಮಿನ್‌ಫೊ ವಿವರದಲ್ಲಿ ಅದಕ್ಕೆ ಬೇಕಾದ ಆಜ್ಞೆಗಳಿದ್ದ ಪಕ್ಷದಲ್ಲಿ, ಎಂಸಿಪ್ರಿಂಟ್ ಎಂಬ ಕರೆ ಆ ಬೈಟುಗಳನ್ನು ಪರದೆಗೆ ತಾಗಿಸದೆ ದಾಟಿಸುತ್ತದೆ.